ಸ್ಪ್ಲೈಸಿಂಗ್ ತಪ್ಪಿದರೆ ಏನಾಗುತ್ತದೆ?



ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ‘ಮಾಲಿಕ್ಯುಲರ್ ಬೇಸಿಸ್ ಆಫ್ ಇನ್‌ಹೆರಿಟೆನ್ಸ್’ ಅಧ್ಯಾಯಕ್ಕೆ ಬಂದಾಗ ನೀವೆಲ್ಲ ಮೂರು ಪದಗಳನ್ನು ಒಂದೇ ಉಸಿರಿನಲ್ಲಿ ಬಾಯಿಪಾಠ ಮಾಡುತ್ತೀರಿ: ಸ್ಪ್ಲೈಸಿಂಗ್, ಕ್ಯಾಪಿಂಗ್, ಟೈಲಿಂಗ್. ಕ್ಯಾಪಿಂಗ್ ಎಂದರೆ ಒಂದು ತುದಿಗೆ ಮೀಥೈಲ್ ಗ್ವಾನೊಸಿನ್ ಟ್ರೈಫಾಸ್ಫೇಟ್ ಸೇರುವುದು, ಟೈಲಿಂಗ್ ಎಂದರೆ ಇನ್ನೊಂದು ತುದಿಗೆ 200ರಿಂದ 300 ಅಡಿನೈಲೇಟ್ ಸೇರುವುದು. ಸ್ಪ್ಲೈಸಿಂಗ್ ಎಂದರೆ? ಇಂಟ್ರಾನ್‌ಗಳನ್ನು ತೆಗೆದುಹಾಕಿ ಎಕ್ಸಾನ್‌ಗಳನ್ನು ಕ್ರಮವಾಗಿ ಜೋಡಿಸುವುದು. ಇಷ್ಟು ಬರೆದರೆ ಅಂಕ ಸಿಗುತ್ತದೆ. ಆದರೆ ತೆಗೆಯುವವರು ಯಾರು? ಎಲ್ಲಿ ಕತ್ತರಿಸಬೇಕು ಎಂದು ಅವರಿಗೆ ಗೊತ್ತಾಗುವುದು ಹೇಗೆ? ಒಂದು ಅಕ್ಷರ ಆಚೀಚೆ ಆದರೆ ಏನಾಗುತ್ತದೆ? ಈ ಪ್ರಶ್ನೆಗಳಿಗೆ ಪಠ್ಯದಲ್ಲಿ ಜಾಗ ಇಲ್ಲ, ತರಗತಿಯಲ್ಲಿ ಸಮಯ ಇಲ್ಲ. ಮನುಷ್ಯರಿಗೆ ಬರುವ ಎಷ್ಟೋ ಆನುವಂಶಿಕ ರೋಗಗಳು ಈ ಒಂದು ಸಾಲಿನೊಳಗೇ ಅಡಗಿವೆ. ಹಾಗಾಗಿ ಈ ಸಲದ ವಾರ್ತಾಪತ್ರಕ್ಕೆ ಇದನ್ನೇ ಆರಿಸಿಕೊಂಡಿದ್ದೇನೆ. ಪಾಠ ಇಂಗ್ಲಿಷ್‌ನಲ್ಲಿ ನಡೆಯುವುದರಿಂದ ಪಾರಿಭಾಷಿಕ ಪದಗಳನ್ನು ನಿಮಗೆ ಪರಿಚಯ ಇರುವಂತೆಯೇ ಬಳಸಿದ್ದೇನೆ.

ಮೊದಲು ಒಂದು ವಾಕ್ಯ ನೋಡಿ. ಸೂಚನಾಫಲಕದಲ್ಲಿ ‘ನಾಳೆ ಕಾಲೇಜಿಗೆ ರಜೆ ಇಲ್ಲ’ ಎಂದು ಬರೆದಿದೆ ಎಂದುಕೊಳ್ಳಿ. ಜೀನ್‌ನಲ್ಲಿ ಇದು ಹೀಗೆ ನೇರವಾಗಿ ಇರುವುದಿಲ್ಲ. ‘ನಾಳೆ’ ಆದಮೇಲೆ ಅರ್ಥವಿಲ್ಲದ ನೂರಾರು ಅಕ್ಷರ, ‘ಕಾಲೇಜಿಗೆ’ ಆದಮೇಲೆ ಸಾವಿರಾರು ಅಕ್ಷರ, ಹೀಗೆ ಬಿಡಿಬಿಡಿಯಾಗಿ ಇರುತ್ತದೆ. ಅರ್ಥವಿರುವ ತುಂಡುಗಳು ಎಕ್ಸಾನ್, ನಡುವಿನವು ಇಂಟ್ರಾನ್. ನಡುವಿನದ್ದನ್ನು ತೆಗೆಯದೇ ಬಿಟ್ಟರೆ ವಾಕ್ಯ ಓದಲು ಬರುವುದಿಲ್ಲ. ಕೊನೆಯ ತುಂಡನ್ನು ಮರೆತರೆ? ‘ನಾಳೆ ಕಾಲೇಜಿಗೆ ರಜೆ’ ಎಂದಾಗುತ್ತದೆ. ನಿಮಗೆ ಖುಷಿಯಾಗಬಹುದು, ಆದರೆ ಅದು ಬರೆದವರ ಮಾತಲ್ಲ. ಎಕ್ಸಾನ್ ಸ್ಕಿಪ್ಪಿಂಗ್ ಎಂದರೆ ಇದೇ. ಈ ಉದಾಹರಣೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಮ್ಮ ರಕ್ತದ ಬೀಟಾ ಗ್ಲೋಬಿನ್ ಜೀನ್ ಚಿಕ್ಕದು. ಮೂರು ಎಕ್ಸಾನ್, ಎರಡು ಇಂಟ್ರಾನ್; ಮೊದಲ ಇಂಟ್ರಾನ್ 130 ಅಕ್ಷರ, ಎರಡನೆಯದು 850. ಸ್ನಾಯುಗಳಿಗೆ ಬೇಕಾದ ಡಿಸ್ಟ್ರೋಫಿನ್ ಜೀನ್ ನೋಡಿದರೆ 79 ಎಕ್ಸಾನ್‌ಗಳು, ಒಟ್ಟು ಉದ್ದ 20 ಲಕ್ಷ ಅಕ್ಷರಗಳಿಗೂ ಹೆಚ್ಚು, ಕೊನೆಗೆ ಉಳಿಯುವ ಎಂಆರ್‌ಎನ್‌ಎ ಮಾತ್ರ ಸುಮಾರು 14,000 ಅಕ್ಷರ. ಉಳಿದದ್ದೆಲ್ಲ ಕತ್ತರಿಸಿ ಹೋಗುತ್ತದೆ. ಕತ್ತರಿಸುವುದು ಅಂದಾಜಿನಲ್ಲಿ ನಡೆಯುವ ಹಾಗಿಲ್ಲ. ಕೋಡಾನ್ ಮೂರು ಅಕ್ಷರಗಳದ್ದು, ಒಂದೇ ಒಂದು ಅಕ್ಷರ ಹೆಚ್ಚು ಉಳಿದರೂ ಮುಂದಿನ ಓದು ಪೂರ್ತಿ ತಪ್ಪುತ್ತದೆ.

ಈ ಕೆಲಸ ಮಾಡುವ ಯಂತ್ರದ ಹೆಸರು ಸ್ಪ್ಲೈಸಿಯೋಸೋಮ್. ಅದರ ಮುಖ್ಯ ಭಾಗಗಳು ಐದು. ಪ್ರತಿಯೊಂದರಲ್ಲೂ ಒಂದು ಚಿಕ್ಕ ಆರ್‌ಎನ್‌ಎ ಇದೆ, ಅದರ ಸುತ್ತ ಪ್ರೋಟೀನುಗಳಿವೆ. ಸ್ಮಾಲ್ ನ್ಯೂಕ್ಲಿಯರ್ ರೈಬೋನ್ಯೂಕ್ಲಿಯೋಪ್ರೋಟೀನ್ ಎಂಬುದು ಪೂರ್ಣ ಹೆಸರು. ಇಷ್ಟುದ್ದ ಹೇಳಲಾಗದೆ ವಿಜ್ಞಾನಿಗಳೇ ‘ಸ್ನರ್ಪ್’ ಎಂದು ಕರೆಯುತ್ತಾರೆ, ನಾವೂ ಹಾಗೇ ಕರೆಯೋಣ. ಯು1, ಯು2, ಯು4, ಯು5, ಯು6 ಎಂದು ಹೆಸರುಗಳು. ಯುರಿಡಿನ್ ಹೆಚ್ಚಾಗಿರುವುದರಿಂದ ಯು. ಯು3 ಎಲ್ಲಿ ಹೋಯಿತು ಎಂದು ಕೇಳುವವರು ಪ್ರತಿ ವರ್ಷ ಒಬ್ಬರಾದರೂ ಇರುತ್ತೀರಿ: ಅದು ನ್ಯೂಕ್ಲಿಯೋಲಸ್‌ನಲ್ಲಿ ರೈಬೋಸೋಮ್ ಆರ್‌ಎನ್‌ಎ ತಯಾರಿಕೆಯ ಕೆಲಸದಲ್ಲಿದೆ, ಈ ಗುಂಪಿಗೆ ಸೇರಿಲ್ಲ.

ಇಂಟ್ರಾನ್ ಸಾಮಾನ್ಯವಾಗಿ ಜಿಯು ಎಂಬ ಎರಡು ಅಕ್ಷರಗಳಿಂದ ಆರಂಭವಾಗಿ ಎಜಿ ಎಂಬ ಎರಡು ಅಕ್ಷರಗಳಲ್ಲಿ ಮುಗಿಯುತ್ತದೆ. ಯು1 ಸ್ನರ್ಪ್ ಬಂದು ಆರಂಭದ ಜಾಗವನ್ನು ಹಿಡಿಯುತ್ತದೆ. ಹಿಡಿಯುವುದು ಹೇಗೆಂದರೆ, ತನ್ನ ಆರ್‌ಎನ್‌ಎಯ ಒಂದು ತುದಿಯ ಅಕ್ಷರಗಳನ್ನು ಇಂಟ್ರಾನ್ ಆರಂಭದ ಅಕ್ಷರಗಳಿಗೆ ಜೋಡಿ ಮಾಡಿ: ಜಿ ಎದುರು ಸಿ, ಯು ಎದುರು ಎ. ಡಿಎನ್‌ಎಯಲ್ಲಿ ನೀವು ಓದಿದ ಅದೇ ಜೋಡಿ ನಿಯಮ. ಯು2 ಸ್ನರ್ಪ್ ಇಂಟ್ರಾನ್ ಒಳಗಿನ ಒಂದು ಎ ಅಕ್ಷರವನ್ನು ಗುರುತಿಸುತ್ತದೆ. ಆಮೇಲೆ ಯು4, ಯು5, ಯು6 ಮೂರೂ ಒಟ್ಟಾಗಿ ಬರುತ್ತವೆ. ಯು1 ಮತ್ತು ಯು4 ಹೊರಗೆ ಹೋಗುತ್ತವೆ, ಇಂಟ್ರಾನ್ ಕುಣಿಕೆಯ ಆಕಾರಕ್ಕೆ ಬಾಗಿ ಕಳಚಿಕೊಳ್ಳುತ್ತದೆ, ಎರಡು ಎಕ್ಸಾನ್‌ಗಳು ಅಂಟಿಕೊಳ್ಳುತ್ತವೆ. ಇಲ್ಲಿ ಕತ್ತರಿ ಹಿಡಿದಿರುವುದು ಪ್ರೋಟೀನ್ ಅಲ್ಲ, ಆರ್‌ಎನ್‌ಎ. ಪಠ್ಯದಲ್ಲಿ ‘ಸ್ಪ್ಲೈಸಿಂಗ್ ಆರ್‌ಎನ್‌ಎ ಜಗತ್ತಿನ ಪ್ರಾಬಲ್ಯವನ್ನು ತೋರಿಸುತ್ತದೆ’ ಎಂಬ ಅರ್ಥದ ಒಂದು ಮಾತು ಬರುತ್ತದಲ್ಲ, ಅದರ ಹಿಂದಿರುವುದು ಈ ಸಂಗತಿ.

ಜೀನ್‌ಗಳು ಹೀಗೆ ತುಂಡುತುಂಡಾಗಿವೆ ಎಂದು ತಿಳಿದದ್ದು 1977ರಲ್ಲಿ, ಅಡಿನೋವೈರಸ್ ಮೇಲೆ ನಡೆದ ಪ್ರಯೋಗಗಳಿಂದ. ಅದಕ್ಕಾಗಿ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ 1993ರ ನೊಬೆಲ್ ಪಡೆದರು. ಆದರೆ ಸ್ನರ್ಪ್‌ಗಳ ಕಥೆ ಶುರುವಾಗುವುದು ಪ್ರಯೋಗಾಲಯದಲ್ಲಲ್ಲ, ರೋಗಿಯ ರಕ್ತದಲ್ಲಿ. ನನಗೆ ಈ ಅಧ್ಯಾಯದಲ್ಲಿ ಅತ್ಯಂತ ಇಷ್ಟವಾದ ಭಾಗ ಇದು.

ಲೂಪಸ್ ಎಂಬ ರೋಗದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಅಂಗಗಳ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ಹೆಚ್ಚಾಗಿ ಯುವತಿಯರನ್ನು ಕಾಡುವ ರೋಗ ಇದು: ಮುಖದ ಮೇಲೆ ಚಿಟ್ಟೆಯಾಕಾರದ ಕೆಂಪು, ಕೀಲು ನೋವು, ಮುಂದೆ ಮೂತ್ರಪಿಂಡಕ್ಕೂ ತೊಂದರೆ. 1966ರಲ್ಲಿ ಅಮೆರಿಕದ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಎಂಗ್ ಟಾನ್ ಮತ್ತು ಹೆನ್ರಿ ಕುಂಕೆಲ್ ಅಂಥ ಒಬ್ಬ ರೋಗಿಯ ರಕ್ತದಲ್ಲಿ ಕೋಶಕೇಂದ್ರದ ಯಾವುದೋ ವಸ್ತುವಿನ ವಿರುದ್ಧ ಪ್ರತಿಕಾಯ ಇರುವುದನ್ನು ಕಂಡರು. ರೋಗಿಯ ಹೆಸರಿನ ಎರಡು ಅಕ್ಷರ ತೆಗೆದುಕೊಂಡು ಆ ವಸ್ತುವಿಗೆ ‘ಎಸ್‌ಎಂ’ ಎಂದು ಹೆಸರಿಟ್ಟರು. ಅದು ಏನು ಕೆಲಸ ಮಾಡುತ್ತದೆ ಎಂಬುದು ಹದಿಮೂರು ವರ್ಷ ಯಾರಿಗೂ ತಿಳಿದಿರಲಿಲ್ಲ. 1979ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಜೋನ್ ಸ್ಟೈಟ್ಜ್ ಅವರ ಪ್ರಯೋಗಾಲಯಕ್ಕೆ ಸೇರಿದ್ದ ಮೈಕೆಲ್ ಲರ್ನರ್ ಎಂಬ ವಿದ್ಯಾರ್ಥಿ, ಲೂಪಸ್ ರೋಗಿಗಳ ರಕ್ತದ ಪ್ರತಿಕಾಯಗಳನ್ನೇ ಗಾಳದಂತೆ ಬಳಸಿದ. ಗಾಳಕ್ಕೆ ಸಿಕ್ಕಿದ್ದು ಚಿಕ್ಕ ಆರ್‌ಎನ್‌ಎಗಳು, ಪ್ರೋಟೀನುಗಳ ಸಮೇತ. ಮರುವರ್ಷ ಅದೇ ಗುಂಪು ಯು1 ಆರ್‌ಎನ್‌ಎಯ ಅಕ್ಷರಗಳು ಇಂಟ್ರಾನ್ ತುದಿಗಳಿಗೆ ಜೋಡಿಯಾಗುತ್ತವೆ ಎಂದು ತೋರಿಸಿ, ಸ್ಪ್ಲೈಸಿಂಗ್ ಮಾಡುವವು ಇವೇ ಇರಬಹುದು ಎಂದಿತು. ರೋಗದ ರಕ್ತ ಆರೋಗ್ಯದ ರಹಸ್ಯ ತಿಳಿಸಿತು! ಇಂದಿಗೂ ರಕ್ತಪರೀಕ್ಷೆಯಲ್ಲಿ ‘ಆ್ಯಂಟಿ ಎಸ್‌ಎಂ’ ಪಾಸಿಟಿವ್ ಬಂದರೆ ವೈದ್ಯರು ಅದನ್ನು ಲೂಪಸ್‌ಗೆ ಬಲವಾದ ಸಾಕ್ಷ್ಯ ಎಂದು ಪರಿಗಣಿಸುತ್ತಾರೆ. ಎಲ್ಲ ಲೂಪಸ್ ರೋಗಿಗಳಲ್ಲೂ ಅದು ಕಾಣುವುದಿಲ್ಲ ಎಂಬುದನ್ನೂ ಸೇರಿಸಿಕೊಳ್ಳಿ.

ಈಗ ನಮ್ಮ ದೇಶಕ್ಕೆ ಬರೋಣ. ಭಾರತದ ಬೀಟಾ ಥಲಸ್ಸೇಮಿಯಾ ರೋಗಿಗಳಲ್ಲಿ ಅತಿ ಹೆಚ್ಚಾಗಿ ಸಿಗುವ ಮ್ಯುಟೇಷನ್ ಯಾವುದು ಗೊತ್ತೇ? ಪ್ರೋಟೀನ್ ಅಕ್ಷರ ಬದಲಿಸುವ ಮ್ಯುಟೇಷನ್ ಅಲ್ಲ. ಬೀಟಾ ಗ್ಲೋಬಿನ್ ಜೀನ್‌ನ ಮೊದಲ ಇಂಟ್ರಾನ್‌ನಲ್ಲಿ ಐದನೆಯ ಅಕ್ಷರ ಜಿ ಇರಬೇಕಾದಲ್ಲಿ ಸಿ ಆಗಿರುವುದು. ಎಸೆದುಬಿಡುವ ತುಂಡಿನ ಐದನೆಯ ಅಕ್ಷರ! ಅದು ಹೇಗೂ ಪ್ರೋಟೀನಿಗೆ ಹೋಗುವುದೇ ಇಲ್ಲ, ಬದಲಾದರೆ ಏನಂತೆ ಎನ್ನಬಹುದು. ಆದರೆ ಯು1 ಸ್ನರ್ಪ್ ಕೈ ಹಿಡಿಯುವುದು ಅಲ್ಲೇ. ಯು1ನ ಸಿ ಅಕ್ಷರಕ್ಕೆ ಎದುರಾಗಿ ಜಿ ಸಿಗಬೇಕಿತ್ತು, ಸಿ ಸಿಕ್ಕಿದರೆ ಜೋಡಿಯಾಗುವುದಿಲ್ಲ. ಹಿಡಿತ ಸಡಿಲವಾಗುತ್ತದೆ. ಆಗ ಯಂತ್ರ ಸುಮ್ಮನೆ ಕೂರುವುದಿಲ್ಲ, ಹತ್ತಿರದಲ್ಲಿ ಸ್ವಲ್ಪ ಹೋಲುವ ಬೇರೆ ಜಾಗ ಹುಡುಕಿ ಅಲ್ಲಿ ಕತ್ತರಿಸುತ್ತದೆ. ಅಂಥ ಮೂರು ತಪ್ಪು ಜಾಗಗಳಿವೆ: ಎರಡು ಎಕ್ಸಾನ್ ಒಳಗೆ, ಒಂದು ಇಂಟ್ರಾನ್ ಒಳಗೆ. ಸರಿಯಾದ ಎಂಆರ್‌ಎನ್‌ಎ ಸ್ವಲ್ಪವೇ ಉಳಿಯುತ್ತದೆ. ಇಂಥ ಜೀನ್ ತಂದೆ ತಾಯಿ ಇಬ್ಬರಿಂದಲೂ ಬಂದ ಮಗುವಿಗೆ ಸಾಮಾನ್ಯವಾಗಿ ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸಬೇಕಾಗುತ್ತದೆ, ಜೊತೆಗೆ ದೇಹದಲ್ಲಿ ಸೇರುವ ಕಬ್ಬಿಣವನ್ನು ಹೊರಹಾಕಲು ಔಷಧ.

ನಮ್ಮ ಕಾಲೇಜಿನ ರಕ್ತದಾನ ಶಿಬಿರದಲ್ಲಿ ನೀವು ಕೊಡುವ ರಕ್ತದಲ್ಲಿ ಒಂದು ಪಾಲು ಇಂಥ ಮಕ್ಕಳಿಗೆ ಹೋಗುತ್ತದೆ ಎಂಬುದೂ ನಿಮಗೆ ತಿಳಿದಿರಲಿ.

ಇನ್ನು ನಾನು ಈ ಲೇಖನ ಬರೆಯಲು ಕಾರಣವಾದ ರೋಗ. ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳೆದ ವರ್ಷ ಮೊಬೈಲ್‌ಗೆ ಒಂದು ವರದಿಯ ಫೋಟೋ ಕಳಿಸಿದಳು. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಊರು ಹೆಸರು ಬೇಡ. ಅವಳ ಮಗನಿಗೆ ಆಗ ಒಂದೂವರೆ ವರ್ಷ. ಕೂರುತ್ತಾನೆ, ನಗುತ್ತಾನೆ, ಎಲ್ಲರನ್ನೂ ಗುರುತಿಸುತ್ತಾನೆ, ಆದರೆ ನಿಲ್ಲಿಸಿದರೆ ಕಾಲು ನಿಲ್ಲುವುದಿಲ್ಲ. ‘ಕೆಲವು ಮಕ್ಕಳು ತಡವಾಗಿ ನಡೆಯುತ್ತಾರೆ’ ಎಂದು ಮನೆಯವರು ಕಾದರು. ಕೊನೆಗೆ ನರರೋಗ ತಜ್ಞರು ಜೀನ್ ಪರೀಕ್ಷೆ ಮಾಡಿಸಿದರು. ವರದಿಯಲ್ಲಿ ಎಸ್‌ಎಂಎನ್‌1 ಜೀನ್‌ನ 7ನೇ ಎಕ್ಸಾನ್ ಎರಡೂ ಪ್ರತಿಗಳಲ್ಲಿ ಇಲ್ಲ, ಎಸ್‌ಎಂಎನ್‌2 ಮೂರು ಪ್ರತಿಗಳಿವೆ ಎಂದು ಬರೆದಿತ್ತು. ಫೋನ್ ಮಾಡಿ ಕೇಳಿದಳು: “ಮೇಡಂ, ನೀವು ಎಕ್ಸಾನ್ ಪಾಠ ಮಾಡಿದ್ದಿರಲ್ಲ. ಅದೇ ಎಕ್ಸಾನಾ ಇದು? ಒಂದು ಎಕ್ಸಾನ್ ಇಲ್ಲದಿದ್ದರೆ ನನ್ನ ಮಗ ನಡೆಯುವುದಿಲ್ಲವಾ?”

ರೋಗದ ಹೆಸರು ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ, ಚಿಕ್ಕದಾಗಿ ಎಸ್‌ಎಂಎ. ಬೆನ್ನುಹುರಿಯಲ್ಲಿ ಸ್ನಾಯುಗಳಿಗೆ ಆಜ್ಞೆ ಕಳಿಸುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ, ಸ್ನಾಯುಗಳು ಸೊರಗುತ್ತವೆ. ಬುದ್ಧಿಗೆ ಏನೂ ತೊಂದರೆ ಇಲ್ಲ. ಸುಮಾರು 10,000 ಜನನಗಳಿಗೆ ಒಂದು ಮಗುವಿನಂತೆ ಬರುತ್ತದೆ. ಆರು ತಿಂಗಳೊಳಗೆ ಶುರುವಾಗುವ ಮೊದಲ ವಿಧ ಅತ್ಯಂತ ತೀವ್ರ. ಚಿಕಿತ್ಸೆ ಇಲ್ಲದಿದ್ದರೆ ಹೆಚ್ಚಿನ ಮಕ್ಕಳು ಎರಡು ವರ್ಷ ದಾಟುವುದಿಲ್ಲ. ಕೂರಬಲ್ಲ, ಆದರೆ ನಡೆಯಲಾಗದ ಮಕ್ಕಳದ್ದು ಎರಡನೆಯ ವಿಧ. ಕಾರಣವಾದ ಜೀನ್ ಪತ್ತೆಯಾದದ್ದು 1995ರಲ್ಲಿ, ಪ್ಯಾರಿಸ್‌ನಲ್ಲಿ ಜೂಡಿತ್ ಮೆಲ್ಕಿ ಅವರ ತಂಡದಿಂದ.

ಆ ಜೀನ್ ತಯಾರಿಸುವ ಎಸ್‌ಎಂಎನ್ ಪ್ರೋಟೀನ್ ಮಾಡುವ ಕೆಲಸ ಕೇಳಿದರೆ ನಿಮಗೆ ಮೇಲಿನ ಕಥೆ ನೆನಪಾಗುತ್ತದೆ. ಲೂಪಸ್ ರೋಗಿಯ ಹೆಸರು ಹೊತ್ತ ಎಸ್‌ಎಂ ಪ್ರೋಟೀನುಗಳು ಏಳು ಇವೆ. ಯು1, ಯು2, ಯು4, ಯು5 ಆರ್‌ಎನ್‌ಎಗಳು ಕೋಶಕೇಂದ್ರದಿಂದ ಹೊರಗೆ ಕೋಶದ್ರವ್ಯಕ್ಕೆ ಬಂದಾಗ, ಈ ಏಳೂ ಸೇರಿ ಪ್ರತಿ ಆರ್‌ಎನ್‌ಎಯ ಸುತ್ತ ಒಂದು ಬಳೆಯಾಗುತ್ತವೆ. ಬಳೆ ತೊಟ್ಟ ಮೇಲಷ್ಟೇ ಅದು ಸ್ನರ್ಪ್ ಆಗಿ ಕೋಶಕೇಂದ್ರಕ್ಕೆ ಮರಳುವುದು. ಬಳೆ ತೊಡಿಸುವ ಬಳೆಗಾರನೇ ಎಸ್‌ಎಂಎನ್. ಫಿಲಡೆಲ್ಫಿಯಾದ ಗಿಡಿಯನ್ ಡ್ರೈಫಸ್ ಅವರ ಪ್ರಯೋಗಾಲಯ 1990ರ ದಶಕದಲ್ಲಿ ಇದನ್ನು ಬಿಡಿಸಿಟ್ಟಿತು. ಅಂದರೆ ಎಸ್‌ಎಂಎ ರೋಗದಲ್ಲಿ ಸ್ನರ್ಪ್ ಕಾರ್ಖಾನೆಯೇ ಸೊರಗಿರುತ್ತದೆ. ದೇಹದ ಎಲ್ಲ ಕೋಶಗಳಿಗೂ ಸ್ನರ್ಪ್ ಬೇಕು, ಹಾಗಿದ್ದೂ ಮೊದಲು ಸಾಯುವುದು ಈ ನರಕೋಶಗಳೇ ಏಕೆ ಎಂಬ ಬಗ್ಗೆ ವಿಜ್ಞಾನಿಗಳು ಇನ್ನೂ ವಾದಿಸುತ್ತಿದ್ದಾರೆ.

ಎಸ್‌ಎಂಎನ್‌1 ಇಲ್ಲದೆಯೂ ಮಗು ಹುಟ್ಟಿ ಬದುಕುವುದು ಹೇಗೆ? ಮನುಷ್ಯನಲ್ಲಿ ಅದರ ತದ್ರೂಪು ಎಸ್‌ಎಂಎನ್‌2 ಇದೆ. ಎರಡಕ್ಕೂ ಇರುವ ಮುಖ್ಯ ವ್ಯತ್ಯಾಸ 7ನೇ ಎಕ್ಸಾನ್‌ನ ಆರನೆಯ ಅಕ್ಷರ: ಮೊದಲನೆಯದರಲ್ಲಿ ಸಿ, ಎರಡನೆಯದರಲ್ಲಿ ಟಿ. ಎಂಆರ್‌ಎನ್‌ಎಯಲ್ಲಿ ನೋಡಿದರೆ ಯುಯುಸಿ ಇದ್ದದ್ದು ಯುಯುಯು ಆಗಿದೆ. ಈಗ ಪುಸ್ತಕ ತೆಗೆದು ಜೆನೆಟಿಕ್ ಕೋಡ್ ಕೋಷ್ಟಕ ನೋಡಿ. ಎಡತುದಿಯ ಮೊದಲ ಚೌಕದಲ್ಲೇ ಇವೆರಡೂ ಇವೆ, ಎರಡೂ ಫಿನೈಲ್ ಅಲನೈನ್. ಪ್ರೋಟೀನ್ ದೃಷ್ಟಿಯಿಂದ ಏನೂ ಬದಲಾಗಿಲ್ಲ. ಇಂಥದ್ದನ್ನು ಸೈಲೆಂಟ್ ಮ್ಯುಟೇಷನ್ ಎಂದು ಕರೆಯುತ್ತಾರೆ, ನೀವು ‘ಪರಿಣಾಮ ಇಲ್ಲ’ ಎಂದು ಬರೆದು ಮುಂದೆ ಹೋಗುತ್ತೀರಿ. ಆದರೆ ರೈಬೋಸೋಮ್‌ಗಿಂತ ಮೊದಲೇ ಈ ಅಕ್ಷರಗಳನ್ನು ಇನ್ನೊಬ್ಬರು ಓದುತ್ತಾರಲ್ಲ, ಸ್ಪ್ಲೈಸಿಂಗ್ ಯಂತ್ರ. ಅದಕ್ಕೆ ಆ ಸಿ ಅಕ್ಷರ ‘ಇದು ಎಕ್ಸಾನ್, ಬಿಡಬೇಡ’ ಎಂಬ ಗುರುತಿನ ಭಾಗವಾಗಿತ್ತು. ಟಿ ಆದಾಗ ಗುರುತು ಮಾಸುತ್ತದೆ. ಎಸ್‌ಎಂಎನ್‌2ರಿಂದ ಬರುವ ಸುಮಾರು ಶೇ 90ರಷ್ಟು ಎಂಆರ್‌ಎನ್‌ಎಗಳಲ್ಲಿ 7ನೇ ಎಕ್ಸಾನ್ ಬಿಟ್ಟುಹೋಗುತ್ತದೆ. ‘ರಜೆ ಇಲ್ಲ’ದ ‘ಇಲ್ಲ’ ಬಿಟ್ಟುಹೋದ ಹಾಗೆ. ಆ ಮೊಟಕು ಪ್ರೋಟೀನ್ ಬೇಗ ನಾಶವಾಗುತ್ತದೆ. ಉಳಿದ ಶೇ 10ರಲ್ಲಿ ಮಗು ಬದುಕಬೇಕು. ಎಸ್‌ಎಂಎನ್‌2 ಪ್ರತಿಗಳು ಹೆಚ್ಚಿದ್ದಷ್ಟೂ ಸಾಮಾನ್ಯವಾಗಿ ರೋಗ ಸೌಮ್ಯ.

ರೋಗದ ಈ ಬೇರು ತಿಳಿದದ್ದರಿಂದಲೇ ಔಷಧ ಸಾಧ್ಯವಾಯಿತು. ಕೆಟ್ಟುಹೋದ ಜೀನನ್ನು ಮುಟ್ಟಬೇಕಾಗಿಲ್ಲ, ಇರುವ ಎಸ್‌ಎಂಎನ್‌2 ಜೀನ್‌ನಲ್ಲಿ 7ನೇ ಎಕ್ಸಾನ್ ಉಳಿಯುವಂತೆ ಮಾಡಿದರೆ ಸಾಕು. 2006ರಲ್ಲಿ ಅಮೆರಿಕದಲ್ಲಿದ್ದ ರವೀಂದ್ರ ಸಿಂಗ್ ಮತ್ತು ಸಂಗಡಿಗರು 7ನೇ ಎಕ್ಸಾನ್ ಪಕ್ಕದ ಇಂಟ್ರಾನ್‌ನಲ್ಲಿ 15 ಅಕ್ಷರಗಳ ಒಂದು ಜಾಗ ಕಂಡುಹಿಡಿದರು. ಎಕ್ಸಾನ್ ಬಿಟ್ಟುಬಿಡುವಂತೆ ಮಾಡುವುದರಲ್ಲಿ ಅದರ ಪಾತ್ರ ದೊಡ್ಡದು. ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನ ಏಡ್ರಿಯನ್ ಕ್ರೈನರ್ ಮತ್ತು ಅಯೋನಿಸ್ ಕಂಪನಿಯವರು ಆ ಜಾಗಕ್ಕೆ ಜೋಡಿಯಾಗುವ 18 ಅಕ್ಷರಗಳ ಒಂದು ಕೃತಕ ತುಂಡು ತಯಾರಿಸಿದರು. ಅದು ಹೋಗಿ ಆ ಜಾಗವನ್ನು ಮುಚ್ಚುತ್ತದೆ, ಯು1 ಸ್ನರ್ಪ್ ಬಂದು ಕೂರಲು ಅಡ್ಡಿ ತಪ್ಪುತ್ತದೆ. ನುಸಿನೆರ್ಸೆನ್ ಎಂಬ ಈ ಔಷಧಕ್ಕೆ 2016ರ ಡಿಸೆಂಬರ್‌ನಲ್ಲಿ ಅಮೆರಿಕದ ಅನುಮತಿ ಸಿಕ್ಕಿತು. ಇದನ್ನು ಬೆನ್ನುಹುರಿಯ ದ್ರವಕ್ಕೆ ಚುಚ್ಚಬೇಕು, ಮೊದಲ ಡೋಸ್‌ಗಳ ನಂತರ ನಾಲ್ಕು ತಿಂಗಳಿಗೊಮ್ಮೆ. 2020ರಲ್ಲಿ ಬಂದ ರಿಸ್‌ಡಿಪ್ಲಾಮ್ ಬಾಯಿಗೆ ಹಾಕುವ ಔಷಧ, ದಿನಕ್ಕೊಮ್ಮೆ. ಯು1 ಆರ್‌ಎನ್‌ಎ ಮತ್ತು 7ನೇ ಎಕ್ಸಾನ್ ತುದಿ ಜೋಡಿಯಾಗುವ ಜಾಗದಲ್ಲೇ ಈ ಪುಟ್ಟ ಅಣು ಸೇರಿಕೊಂಡು ಸಡಿಲ ಹಿಡಿತವನ್ನು ಬಿಗಿ ಮಾಡುತ್ತದೆ.

ವಾಟ್ಸ್ಆ್ಯಪ್‌ನಲ್ಲಿ ‘16 ಕೋಟಿಯ ಇಂಜೆಕ್ಷನ್‌ಗೆ ಸಹಾಯ ಮಾಡಿ’ ಎಂಬ ಸಂದೇಶಗಳನ್ನು ನೀವು ನೋಡಿರುತ್ತೀರಿ. ಅದು ಮೂರನೆಯದು, 2019ರಲ್ಲಿ ಬಂದ ಜೀನ್ ಚಿಕಿತ್ಸೆ ಜೊಲ್ಜೆನ್‌ಸ್ಮಾ. ರೋಗ ಅದೇ, ದಾರಿ ಬೇರೆ: ಅದು ಎಸ್‌ಎಂಎನ್ ಜೀನಿನ ಹೊಸ ಪ್ರತಿಯನ್ನೇ ಒಂದು ವೈರಸ್ ಮೂಲಕ ಕೋಶಕ್ಕೆ ತಲುಪಿಸುತ್ತದೆ.

ಬೆಲೆಯ ವಿಷಯ ಬಿಟ್ಟು ಈ ಪಾಠ ಮುಗಿಸಿದರೆ ಅರ್ಧ ಪಾಠ ಆದೀತು. ರಿಸ್‌ಡಿಪ್ಲಾಮ್‌ನ 60 ಮಿಲಿಗ್ರಾಂ ಬಾಟಲಿಗೆ ನಮ್ಮ ದೇಶದಲ್ಲಿ ಆರು ಲಕ್ಷ ರೂಪಾಯಿಗೂ ಹೆಚ್ಚು ಬೆಲೆ ಇತ್ತು. 20 ಕಿಲೋ ದಾಟಿದ ಮಗುವಿಗೆ ದಿನಕ್ಕೆ 5 ಮಿಲಿಗ್ರಾಂ ಬೇಕು. ಒಂದು ಬಾಟಲಿ 12 ದಿನ! ಲೆಕ್ಕ ನೀವೇ ಹಾಕಿ. ಹೈದರಾಬಾದಿನ ನ್ಯಾಟ್ಕೊ ಕಂಪನಿ ಇದರ ಜೆನೆರಿಕ್ ತಯಾರಿಸಲು ಮುಂದಾದಾಗ ಪೇಟೆಂಟ್ ಹೊಂದಿದ್ದ ರೋಶ್ ಕಂಪನಿ ತಡೆ ಕೋರಿ ನ್ಯಾಯಾಲಯಕ್ಕೆ ಹೋಯಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ತಡೆ ಕೊಡಲಿಲ್ಲ, ಅಕ್ಟೋಬರ್‌ನಲ್ಲಿ ಮೇಲ್ಮನವಿಯೂ ವಜಾ ಆಯಿತು, ಸುಪ್ರೀಂ ಕೋರ್ಟ್ ಕೂಡ ಮಧ್ಯಪ್ರವೇಶಿಸಲಿಲ್ಲ. ಜೆನೆರಿಕ್ ಬಾಟಲಿ 15,900 ರೂಪಾಯಿಗೆ ಮಾರುಕಟ್ಟೆಗೆ ಬಂತು. ಅದೂ ಕಡಿಮೆ ಮೊತ್ತವಲ್ಲ, ತಿಂಗಳಿಗೆ ಎರಡಕ್ಕೂ ಹೆಚ್ಚು ಬಾಟಲಿ ಬೇಕಾಗಬಹುದು; ಆದರೆ ಅಸಾಧ್ಯ ಎಂಬ ಮಾತು ಕಷ್ಟ ಎಂಬ ಮಾತಿಗೆ ಇಳಿದಿದೆ. ಸರ್ಕಾರದ 2021ರ ಅಪರೂಪದ ರೋಗಗಳ ನೀತಿಯಡಿ ಗುರುತಿಸಿದ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವಿಗೆ ಅವಕಾಶ ಇದೆ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ಅಂಥ ಒಂದು ಕೇಂದ್ರವಾಗಿವೆ. ಈ ಮೂರೂ ಔಷಧಗಳು ಸತ್ತ ನರಕೋಶವನ್ನು ಬದುಕಿಸಲಾರವು. ಎಷ್ಟು ಬೇಗ ಶುರುವಾದರೆ ಅಷ್ಟು ಉಳಿಯುತ್ತದೆ. ಹಾಗಾಗಿ ‘ತಡವಾಗಿ ನಡೆಯುತ್ತದೆ ಬಿಡಿ’ ಎಂಬ ಸಮಾಧಾನದ ಮಾತು ಎಲ್ಲ ಮಕ್ಕಳ ವಿಷಯದಲ್ಲೂ ಸರಿಯಲ್ಲ. ಒಂದೂವರೆ ವರ್ಷವಾದರೂ ನಡೆಯದ, ಮೈ ಸಡಿಲವಾಗಿರುವ ಮಗುವನ್ನು ವೈದ್ಯರಿಗೆ ತೋರಿಸಬೇಕು.

ನಮ್ಮ ವಿದ್ಯಾರ್ಥಿನಿಗೆ ಔಷಧದ ಚಿಂತೆಯ ಜೊತೆ ಇನ್ನೊಂದು ನೋವಿತ್ತು. ಮದುವೆಯಾಗಿದ್ದು ಸೋದರಮಾವನ ಮಗನನ್ನು. ಗಂಡ ಗಲ್ಫ್‌ನಲ್ಲಿ. ಮನೆಯಲ್ಲಿ ಅತ್ತೆ, ‘ನಮ್ಮ ಕಡೆ ಹೀಗೆ ಯಾರೂ ಇಲ್ಲ’ ಎಂದಿದ್ದರಂತೆ. ಅಂದರೆ ಹೊರೆ ಪೂರ್ತಿ ಇವಳ ಮೇಲೆ. ನಾನು ಫೋನಿನಲ್ಲೇ ಅವಳಿಗೆ ಮೆಂಡಲ್‌ನ ಲೆಕ್ಕ ನೆನಪಿಸಿದೆ, ನಿಮಗೂ ಅದನ್ನೇ ಹೇಳುತ್ತೇನೆ. ಎಸ್‌ಎಂಎ ರಿಸೆಸಿವ್ ರೋಗ. ಮಗುವಿಗೆ ಬರಬೇಕಾದರೆ ಸಾಮಾನ್ಯವಾಗಿ ತಾಯಿಯಿಂದ ಒಂದು, ತಂದೆಯಿಂದ ಒಂದು ಕೆಟ್ಟ ಪ್ರತಿ ಬಂದಿರಬೇಕು. ಒಬ್ಬರ ಕಡೆಯಿಂದ ಮಾತ್ರ ಬಂದರೆ ರೋಗ ಇಲ್ಲ, ವಾಹಕ ಅಷ್ಟೇ. ವಾಹಕರು ಆರೋಗ್ಯವಾಗಿರುತ್ತಾರೆ, ಆದ್ದರಿಂದ ‘ನಮ್ಮ ಕಡೆ ಯಾರೂ ಇಲ್ಲ’ ಎಂಬುದು ಎರಡೂ ಕಡೆಯವರು ಪ್ರಾಮಾಣಿಕವಾಗಿ ಹೇಳಬಹುದಾದ ಮಾತು. ಗಂಡ ಹೆಂಡತಿ ಇಬ್ಬರ ಪರೀಕ್ಷೆಯೂ ಆಯಿತು, ಇಬ್ಬರೂ ವಾಹಕರು. ಅವಳ ತಾಯಿಯ ತಂದೆಯೇ ಅವನ ತಂದೆಯ ತಂದೆ. ಇಲ್ಲಿ ‘ಕಡೆ’ ಎಂದು ಬೇರೆ ಬೇರೆ ಹೇಳಲು ಏನಿದೆ?

ಲೆಕ್ಕ ಮುಂದುವರಿಸೋಣ. ಸಾಮಾನ್ಯ ಜನರಲ್ಲಿ ಸುಮಾರು 50ಕ್ಕೆ ಒಬ್ಬರು ವಾಹಕರು ಎಂದಿಟ್ಟುಕೊಳ್ಳಿ. ಸಂಬಂಧವಿಲ್ಲದ ಇಬ್ಬರು ಮದುವೆಯಾದರೆ ಮಗುವಿಗೆ ರೋಗದ ಸಂಭವ 1/50 ಗುಣಿಸು 1/50 ಗುಣಿಸು 1/4, ಅಂದರೆ 10,000ಕ್ಕೆ 1. ಅತ್ತೆ-ಮಾವ, ಚಿಕ್ಕಪ್ಪ-ದೊಡ್ಡಪ್ಪಂದಿರ ಮಕ್ಕಳ ನಡುವೆ ಒಬ್ಬರು ವಾಹಕರಾಗಿದ್ದರೆ ಇನ್ನೊಬ್ಬರಿಗೂ ಅದೇ ಪ್ರತಿ ಇರುವ ಸಂಭವ ಸುಮಾರು 1/8. ಆಗ 1/50 ಗುಣಿಸು 1/8 ಗುಣಿಸು 1/4, ಅಂದರೆ 1,600ಕ್ಕೆ 1. ಕರ್ನಾಟಕದ ಅನೇಕ ಸಮುದಾಯಗಳಲ್ಲಿ ಸೋದರಮಾವನನ್ನೇ ಮದುವೆಯಾಗುವ ಪದ್ಧತಿ ಇದೆ. ಅಲ್ಲಿ 1/8 ಬದಲು 1/4, ಉತ್ತರ 800ಕ್ಕೆ 1. ಗಮನಿಸಿ, ಇಂಥ ಮದುವೆಗಳ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಆದರೆ ಇದು ಒಂದೇ ರೋಗದ ಲೆಕ್ಕ, ರಿಸೆಸಿವ್ ರೋಗಗಳು ನೂರಾರು ಇವೆ. ಗಂಡ ಹೆಂಡತಿ ಇಬ್ಬರೂ ವಾಹಕರೆಂದು ಗೊತ್ತಾದ ಮೇಲೆ ಮಾತ್ರ ಈ ದೊಡ್ಡ ಸಂಖ್ಯೆಗಳಿಗೆ ಅರ್ಥ ಇಲ್ಲ: ಪ್ರತಿ ಗರ್ಭಕ್ಕೂ ಸಂಭವ 1/4. ಮೊದಲ ಮಗುವಿಗೆ ಬಂದಾಯಿತು, ಮುಂದಿನ ಮೂವರಿಗೆ ಬರುವುದಿಲ್ಲ ಎಂದು ಭಾವಿಸುವುದು ತಪ್ಪು. ಪ್ರತಿ ಸಲ ಲೆಕ್ಕ ಹೊಸದಾಗಿ ಶುರು.

ಥಲಸ್ಸೇಮಿಯಾ ವಾಹಕರೇ ಎಂದು ತಿಳಿಯಲು ಒಂದು ರಕ್ತಪರೀಕ್ಷೆ ಸಾಕು, ಹಿಮೋಗ್ಲೋಬಿನ್ ಎ2 ಪ್ರಮಾಣ ನೋಡುತ್ತಾರೆ. ಸೌದಿ ಅರೇಬಿಯಾದಲ್ಲಿ 2004ರಿಂದ ಮದುವೆಗೆ ಮುಂಚೆ ಥಲಸ್ಸೇಮಿಯಾ, ಸಿಕಲ್ ಸೆಲ್ ಪರೀಕ್ಷೆ ಕಡ್ಡಾಯ. ಫಲಿತಾಂಶ ಬಂದ ಮೇಲೆ ಮದುವೆಯಾಗುವುದು ಬಿಡುವುದು ಅವರ ನಿರ್ಧಾರ. ನಿಮ್ಮಲ್ಲಿ ಕೆಲವರ ತಂದೆ, ಅಣ್ಣಂದಿರು ಅಲ್ಲಿ ದುಡಿಯುತ್ತಿದ್ದಾರೆ, ಬೇಕಿದ್ದರೆ ಕೇಳಿ ನೋಡಿ. ಎಸ್‌ಎಂಎ ವಾಹಕ ಪರೀಕ್ಷೆಯೂ ರಕ್ತದಿಂದಲೇ, ಎಸ್‌ಎಂಎನ್‌1ರ ಪ್ರತಿಗಳನ್ನು ಎಣಿಸುತ್ತಾರೆ. ಮನೆತನದಲ್ಲಿ ರೋಗ ಕಂಡವರು ಇದನ್ನು ಮಾಡಿಸಿಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಹುಡುಗಿಗೆ ಮಾತ್ರವಲ್ಲ, ಹುಡುಗನಿಗೂ.

ಸ್ನರ್ಪ್‌ಗಳ ಬೇರೆ ಭಾಗ ಕೆಟ್ಟರೆ ಬೇರೆ ರೋಗ. ಯು4, ಯು5, ಯು6 ಒಟ್ಟಾಗಿ ಬರುವ ಗುಂಪಿನ ಕೆಲವು ಪ್ರೋಟೀನುಗಳ ಜೀನ್ ಕೆಟ್ಟಾಗ ರೆಟಿನೈಟಿಸ್ ಪಿಗ್ಮೆಂಟೋಸಾ ಬರುತ್ತದೆ: ಮೊದಲು ಇರುಳುಗುರುಡು, ಆಮೇಲೆ ನೋಟದ ಅಂಚು ಕುಗ್ಗುತ್ತಾ ಬರುತ್ತದೆ. ಇಡೀ ದೇಹಕ್ಕೆ ಬೇಕಾದ ಪ್ರೋಟೀನ್, ಪೆಟ್ಟು ಮಾತ್ರ ಕಣ್ಣಿಗೆ. ಯು2 ಸ್ನರ್ಪ್‌ನ ಎಸ್‌ಎಫ್‌3ಬಿ1 ಎಂಬ ಪ್ರೋಟೀನಿನ ಮ್ಯುಟೇಷನ್ ವಯಸ್ಸಾದವರ ಮೂಳೆಮಜ್ಜೆಯ ರೋಗದಲ್ಲಿ ಸಿಗುತ್ತದೆ, ಇದು 2011ರಲ್ಲಿ ತಿಳಿಯಿತು. ಈ ಮ್ಯುಟೇಷನ್ ತಂದೆ ತಾಯಿಯಿಂದ ಬಂದದ್ದಲ್ಲ, ಬದುಕಿನ ನಡುವೆ ಮಜ್ಜೆಯ ಕೋಶದಲ್ಲಿ ಆದದ್ದು. ಎಲ್ಲಕ್ಕಿಂತ ಹೊಸದು 2024ರದ್ದು. ಬೆಳವಣಿಗೆ ಕುಂಠಿತವಾದ, ಮಾತು ಬಾರದ ಅನೇಕ ಮಕ್ಕಳಲ್ಲಿ ವರ್ಷಗಟ್ಟಲೆ ಪರೀಕ್ಷೆ ಮಾಡಿದರೂ ಕಾರಣ ಸಿಕ್ಕಿರಲಿಲ್ಲ. ಪ್ರೋಟೀನ್ ಜೀನ್‌ಗಳನ್ನಷ್ಟೇ ಹುಡುಕುತ್ತಿದ್ದರು. ಕೊನೆಗೆ ಕಾರಣ ಸಿಕ್ಕಿದ್ದು ಯು4 ಆರ್‌ಎನ್‌ಎ ತಯಾರಿಸುವ ಪುಟ್ಟ ಜೀನ್‌ನಲ್ಲಿ, ಹೆಚ್ಚಿನವರಲ್ಲಿ ಒಂದೇ ಅಕ್ಷರ ಹೆಚ್ಚಾಗಿ ಸೇರಿದ್ದು. ಯಾವ ಪ್ರೋಟೀನನ್ನೂ ತಯಾರಿಸದ, ಸುಮಾರು 145 ಅಕ್ಷರಗಳ ಜೀನ್. ಅದು ಕಣ್ಣಿಗೆ ಬೀಳಲು ಇಷ್ಟು ವರ್ಷ ಬೇಕಾಯಿತು.

ಕೊನೆಯದಾಗಿ ನೀಟ್ ಮತ್ತು ಸಿಇಟಿ ಬರೆಯುವವರಿಗೆ ಒಂದು ಮಾತು. ಆರ್‌ಎನ್‌ಎ ಪಾಲಿಮರೇಸ್ 3 ಏನನ್ನು ತಯಾರಿಸುತ್ತದೆ ಎಂದು ಪಠ್ಯದಲ್ಲಿ ಹೇಳುವಾಗ ಟಿಆರ್‌ಎನ್‌ಎ, 5ಎಸ್ ಆರ್‌ಆರ್‌ಎನ್‌ಎ ಜೊತೆಗೆ ಎಸ್‌ಎನ್‌ಆರ್‌ಎನ್‌ಎ ಎಂದೂ ಇದೆ. ಅದೇ ನಮ್ಮ ಸ್ನರ್ಪ್‌ಗಳೊಳಗಿನ ಆರ್‌ಎನ್‌ಎ. ನಿಜವಾಗಿ ಈ ಐದರಲ್ಲಿ ಯು6 ಮಾತ್ರ ಪಾಲಿಮರೇಸ್ 3ರಿಂದ ತಯಾರಾಗುತ್ತದೆ. ಯು1, ಯು2, ಯು4, ಯು5 ನಾಲ್ಕೂ ಪಾಲಿಮರೇಸ್ 2ರ ಕೆಲಸ. ಮುಂದೆ ಮೆಡಿಕಲ್‌ಗೋ ಬಿಎಸ್ಸಿಗೋ ಹೋದಾಗ ಇದನ್ನು ನೆನಪಿಟ್ಟುಕೊಳ್ಳಿ. ಪರೀಕ್ಷೆಯಲ್ಲಿ ಮಾತ್ರ ಪುಸ್ತಕದಲ್ಲಿರುವಂತೆ ಪಾಲಿಮರೇಸ್ 3 ಎಂದೇ ಗುರುತು ಹಾಕಿ.